ಮೂರು ಸಲ ಬಿಚ್ಚಿದ ಶಿವದಾರ

೧೨ ಜೂನ್ ೨೦೨೪, ಬುಧವಾರ

ವಿವರಗಳ ಹೇಳಿಕೆ

೧. ಬರೆಯುವವನ ಹೆಸರು: ಗುರಲಿಂಗಪ್ಪ, ವಯಸ್ಸು ಎಪ್ಪತ್ತು. ಮೂಲ: ವಿಜಯಪುರ ಜಿಲ್ಲೆ, ಇಂಡಿ ತಾಲೂಕು. ಹಾಲಿ ವಾಸ: ವಡಾಲ ಪೂರ್ವ, ಮುಂಬಯಿ.

೨. ಉದ್ಯೋಗ: ಬಂದರಿನ ಕಚೇರಿಯಲ್ಲಿ ಕಾರಕೂನ, ಈಗ ನಿವೃತ್ತ. ಕಚೇರಿಯ ವೇಳೆಯ ಹೊರಗೆ, ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ನಮ್ಮ ಕಡೆಯ ಜನರಿಗಾಗಿ ಅರ್ಜಿಗಳನ್ನು ಬರೆದುಕೊಟ್ಟಿರುತ್ತೇನೆ. ಹಿರಿಯ ಕಾರಕೂನರ ಮಾದರಿಗಳನ್ನು ನಕಲು ಮಾಡಿ ಮಾಡಿ ಕಲಿತ ಬರವಣಿಗೆ. ನಮೂನೆ ತಪ್ಪಿದೆಯೆಂಬ ಕಾರಣಕ್ಕೆ ನನ್ನ ಒಂದು ಅರ್ಜಿಯೂ ವಾಪಸು ಬಂದದ್ದಿಲ್ಲ.

೩. ವಿಷಯ: ನನ್ನ ಧರ್ಮಪತ್ನಿ ಸೌ. ಹಾಲವ್ವ, ವಯಸ್ಸು ಅರವತ್ತನಾಲ್ಕು, ಇವರ ಹೃದಯದ ಎಡಭಾಗದ ಕವಾಟ. ಚಿಕ್ಕಂದಿನ ಕೀಲುಜ್ವರದಿಂದ ಕೆಟ್ಟದ್ದು.

೪. ಹಿಂದಿನ ಚಿಕಿತ್ಸೆಗಳು: (ಅ) ೧೯೮೨ರಲ್ಲಿ, ಎಡಪಕ್ಕೆಯಲ್ಲಿ ಕೊಯ್ದು, ಬಡಿಯುತ್ತಿರುವ ಹೃದಯದೊಳಗೆ ಶಸ್ತ್ರವೈದ್ಯರು ಬೆರಳು ತೂರಿಸಿ, ಅಂಟಿಕೊಂಡಿದ್ದ ಕವಾಟವನ್ನು ಬಿಡಿಸಿದರು. ಆಗ ಇವರು ಗರ್ಭಿಣಿ. (ಆ) ೧೯೯೭ರಲ್ಲಿ, ತೊಡೆಯ ರಕ್ತನಾಳದ ಮೂಲಕ ಬಲೂನು ಕಳುಹಿಸಿ ಅದೇ ಕವಾಟವನ್ನು ಮತ್ತೆ ಅಗಲಿಸಿದರು. (ಇ) ೨೦೧೦ರಲ್ಲಿ, ಎದೆಯ ನಡುಮೂಳೆ ಸೀಳಿ, ಹೃದಯವನ್ನು ನಿಲ್ಲಿಸಿ, ಯಂತ್ರದಿಂದ ರಕ್ತ ಹರಿಸುತ್ತ, ಆಕಳ ಪೊರೆಯಿಂದ ತಯಾರಿಸಿದ ಹೊಸ ಕವಾಟವನ್ನು ಕೂರಿಸಿದರು.

೫. ಸದ್ಯದ ಸ್ಥಿತಿ: ಸದರಿ ಹೊಸ ಕವಾಟವೂ ಈಗ ಗಡುಸಾಗಿದೆ. ರೋಗಿಗೆ ನಡೆದರೆ ಉಬ್ಬಸ. ಮಲಗಬೇಕಾದರೆ ಬೆನ್ನಿಗೆ ದಿಂಬುಗಳ ರಾಶಿ ಬೇಕು.

೬. ಬೇಡಿಕೆ: ನಾಲ್ಕನೆಯ ಚಿಕಿತ್ಸೆ ಆದಷ್ಟು ಬೇಗ ಆಗತಕ್ಕದ್ದು.

೭. ಈ ಬರಹವನ್ನು ಯಾರಿಗೂ ಸಲ್ಲಿಸತಕ್ಕದ್ದಲ್ಲ. ಪ್ರಕರಣದ ವಿವರಗಳು ಒಂದೆಡೆ ಇರಲೆಂದು ಬರೆದಿಡಲಾಗುತ್ತಿದೆ.

೧೭ ಜೂನ್, ಸೋಮವಾರ

ಪ್ರತಿ ಸೋಮವಾರದಂತೆ ಇಂದೂ ಸದರಿ ಹಾಲವ್ವನವರು ಮಾಟುಂಗಕ್ಕೆ ಹೊರಟರು. ಅಲ್ಲಿ ದೇವಸ್ಥಾನದ ಹೊರಗೆ ಒಬ್ಬ ಹೆಂಗಸು ಆಕಳು ಕಟ್ಟಿಕೊಂಡು ಹುಲ್ಲಿನ ಕಟ್ಟುಗಳನ್ನು ಮಾರುತ್ತ ಕೂತಿರುತ್ತಾಳೆ. ಕೊಂಡು, ಅದೇ ಆಕಳಿಗೆ ತಿನ್ನಿಸಿ ಬರುವುದು. ೨೦೧೦ರಿಂದ ನಡೆದುಬಂದ ಪದ್ಧತಿ.

ಇದರ ಹಿನ್ನೆಲೆ ಹೀಗಿದೆ. ಆ ವರ್ಷ ಕವಾಟ ಹಾಕಿದ ಮೇಲೆ ಅದು ಯಾತರದ್ದೆಂದು ಇವರು ಕೇಳಿದರು. ನಾನು ವೈದ್ಯಕೀಯ ವಸ್ತು ಎಂದು ಉತ್ತರಿಸಿದೆ. ನರ್ಸು ಮಾತ್ರ ಆಕಳದ್ದೆಂದು ಹೇಳಿಬಿಟ್ಟಳು. ಮೊಟ್ಟೆಯನ್ನೂ ಮುಟ್ಟದ ಹೆಂಗಸು. ಒಂದು ದಿನ ಮಾತಾಡಲಿಲ್ಲ. ಮರುದಿನ, "ಆ ಆಕಳ ಹೆಸರ ಏನಿತ್ತು ಅಂತ ಡಾಕ್ಟರಿಗೆ ಕೇಳ್ರಿ" ಎಂದರು. ಅಂಥ ಪ್ರಶ್ನೆಯನ್ನು ವೈದ್ಯರ ಮುಂದೆ ಮಂಡಿಸುವುದು ಉಚಿತವಲ್ಲವೆಂದು ನಾನು ಮಂಡಿಸಲಿಲ್ಲ.

ಲೋಕಲ್‌ನಲ್ಲಿ ಒಂದೇ ಸ್ಟೇಶನ್ನಿನ ದಾರಿ, ಕಿಂಗ್ಸ್ ಸರ್ಕಲ್. ಇಳಿದು ಬ್ರಿಜ್ಜಿನ ನಡುವೆ ಇವರು ನಿಂತುಬಿಟ್ಟರು. ಕೈ ಕಟಾಂಜನದ ಮೇಲೆ, ತುಟಿ ನೀಲಿ. ಕೆಳಗೆ ಎರಡು ಗಾಡಿ ಹೋದವು. ಹಿಂದಿನಿಂದ ಬಂದವನೊಬ್ಬ, "ಆಜಿ, ಸೈಡ್ ಮೆ ಹೋ ಜಾವ್" ಎಂದು ಬದಿಗೆ ಸರಿಯಲು ಹೇಳಿದ. ನಾವು ಮರಳಿ ಬಂದೆವು. ಹುಲ್ಲು ಹಾಕಲಾಗಲಿಲ್ಲ.

೨೬ ಜೂನ್, ಬುಧವಾರ

ಸಯನ್ ಕಡೆಯ ಆಸ್ಪತ್ರೆಯಲ್ಲಿ ಹೃದಯತಜ್ಞೆ ಡಾ. ನಿಶಾ ಇವರ ಭೇಟಿಯಾಯಿತು. ಉಡುಪಿ ಕಡೆಯವರು. ಇವರ ತಂದೆ ಮಾಟುಂಗದಲ್ಲಿ ಹೋಟೆಲು ನಡೆಸುತ್ತಿದ್ದರಂತೆ. ಹುಡುಗಿಯ ಕನ್ನಡ ತಡವರಿಸುತ್ತದೆ, ಆದರೆ ಬಿಟ್ಟುಕೊಡುವುದಿಲ್ಲ.

ಪರೀಕ್ಷೆಯ ನಡುವೆ ಅವರು ಇಬ್ಬರು ವಿದ್ಯಾರ್ಥಿಗಳನ್ನು ಕರೆದರು. ರೋಗಿಯ ಎಡಸ್ತನದ ಕೆಳಗಿನಿಂದ ಬೆನ್ನಿನವರೆಗೆ ಸುತ್ತಿಹೋದ ಹಳೆಯ ಗಾಯದ ಗೆರೆಯನ್ನು ತೋರಿಸಿ, ಹೃದಯದ ಶಸ್ತ್ರಚಿಕಿತ್ಸೆಯ ಆರಂಭದ ಕಾಲದ ವಿಧಾನ ಇದು, ಯಂತ್ರಗಳು ಎಲ್ಲ ಕಡೆ ಬರುವ ತನಕ ನಮ್ಮ ದೇಶದಲ್ಲಿ ಸಾವಿರಾರು ಜನ ಇದರಿಂದಲೇ ಬದುಕಿದರು ಎಂದು ವಿವರಿಸಿದರು. ಬೆರಳು ಹಾಕಿದ ವೈದ್ಯರಿಗೆ ಒಳಗೆ ಏನು ಕಾಣುತ್ತಿತ್ತು ಎಂದು ವಿದ್ಯಾರ್ಥಿ ಕೇಳಿದ. ಏನೂ ಕಾಣುತ್ತಿರಲಿಲ್ಲ, ಮುಟ್ಟಿ ತಿಳಿಯಬೇಕಿತ್ತು ಎಂದರು.

"ಅಜ್ಜಿ, ನಾವು ಪುಸ್ತಕದಲ್ಲಿ ಓದಿದ್ದೆಲ್ಲ ನಿಮ್ಮ ಎದೆಯಲ್ಲಿ ಉಂಟು ಮಾರಾಯ್ರೆ. ಬೆರಳು, ಬಲೂನು, ಮಶೀನು, ಎಲ್ಲ."

ಅಪೂರ್ಣ ಮಾಹಿತಿ ಸರಿಯಲ್ಲವೆಂದು ನಾನು ಎದ್ದುನಿಂತು, ಇಸವಿ, ವಾರ್ಡು, ಶಸ್ತ್ರವೈದ್ಯರ ಹುದ್ದೆ ಸಹಿತ ಮೂರೂ ಚಿಕಿತ್ಸೆಗಳನ್ನು ಕ್ರಮವಾಗಿ ನಿವೇದಿಸಿದೆ. ವಿದ್ಯಾರ್ಥಿಗಳು ಬರೆದುಕೊಂಡರು. ಸಾಕಷ್ಟು ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ರೋಗಿಯ ಅಂಗಿ ತೆರೆದೇ ಇತ್ತು.

"ನೋಡೂದು ಮುಗೀತೇನವ್ವಾ?" ಎಂದರು ಹಾಲವ್ವ. "ಗುಂಡಿ ಹಾಕ್ಕೊಳ್ತೀನಿ. ಮ್ಯೂಸಿಯಂ ಬಂದ್ ಆತು."

ಎಲ್ಲರೂ ನಕ್ಕರು. ನಾಲ್ಕನೆಯ ವಿಧಾನವನ್ನು ವೈದ್ಯೆ ತಿಳಿಸಿದರು: ಎದೆ ತೆರೆಯುವುದಿಲ್ಲ, ಹೃದಯ ನಿಲ್ಲಿಸುವುದಿಲ್ಲ. ತೊಡೆಯಿಂದ ಸಣ್ಣ ನಳಿಗೆಯಲ್ಲಿ ಮಡಿಸಿದ ಕವಾಟವನ್ನು ಒಯ್ದು ಹಳೆಯದರೊಳಗೆ ಬಿಚ್ಚುವುದು. ಆದರೆ ಇವರ ಮೂತ್ರಪಿಂಡಗಳೂ ದಣಿದಿವೆ. ಪರೀಕ್ಷೆಗಳಾದ ಮೇಲೆಯೇ ಹೇಳಬಹುದು. ನನ್ನ ಮಟ್ಟಿಗೆ ಪ್ರಕರಣ ಇತ್ಯರ್ಥವಾದಂತೆ.

೩ ಜುಲೈ, ಬುಧವಾರ

ಮಗಳು ಮಹಾದೇವಿ ತಾನು ಕಲಿಸುವ ಶಾಲೆ ಮುಗಿಸಿ ಬಂದಿದ್ದಳು. ಆಸ್ಪತ್ರೆಗೆ ಸೇರುವ ದಿನ ನಿಗದಿ ಮಾಡಲು ಕೂತಾಗ ಹಾಲವ್ವ ಸೊಪ್ಪು ಸೋಸುತ್ತ, ತನಗೆ ಈ ಚಿಕಿತ್ಸೆ ಬೇಡವೆಂದು ಹೇಳಿದರು. ದನಿ ಎತ್ತಲಿಲ್ಲ.

ಮಹಾದೇವಿ ಅತ್ತಳು. ಇನ್ಶೂರೆನ್ಸ್ ಇದೆ, ಡಾಕ್ಟರ್ ಚಲೋ ಇದ್ದಾರೆ, ಮತ್ತೆ ಯಾಕೆ ಎಂದಳು.

"ಒಂದ ಸಲ ನೀ ಹೊಟ್ಟ್ಯಾಗಿದ್ದಿ, ನಿನ್ನ ಸಲುವಾಗಿ ಮಲಗಿದೆ. ಒಂದ ಸಲ ನಿಮ್ಮಪ್ಪನ ಸಲುವಾಗಿ. ಒಂದ ಸಲ ಡಾಕ್ಟರ್ ಹೇಳ್ಯಾರಂತ. ನನ್ನ ಸಲುವಾಗಿ ಒಂದ ಸಲರೆ ಸುಮ್ನ ಇರ್ತೀನಿ."

ಆಮೇಲೆ ನನ್ನತ್ತ ತಿರುಗಿ, "ಮೂರು ಸಲ ನನ್ನ ಲಿಂಗಾ ನಿಮ್ಮ ಕೊರಳಿಗೆ ಹಾಕಿ ಒಳಗ ಹೋಗೀನಿ. ಇನ್ನ ಬ್ಯಾಡ" ಎಂದರು.

ಇದು ನಿಜ. ಇಷ್ಟಲಿಂಗ ಮೈಮೇಲಿಂದ ಅಗಲಬಾರದು. ಅಗಲಿದರೆ ಅದು ಮರಳಿ ಕೊರಳಿಗೆ ಬೀಳುವವರೆಗೆ ಅನ್ನ ಮುಟ್ಟುವಂತಿಲ್ಲ. ಆದರೆ ಎದೆಯ ಚಿಕಿತ್ಸೆಗೆ ಅದನ್ನು ತೆಗೆಯಲೇಬೇಕು. ಆದ್ದರಿಂದ ಪ್ರತಿ ಸಲವೂ ಒಳಗೆ ಒಯ್ಯುವ ಮುಂಚೆ ಅವರ ಶಿವದಾರ ಬಿಚ್ಚಿ, ಲಿಂಗವಿರುವ ಕರಡಿಗೆ ಸಹಿತ ನನ್ನ ಕೊರಳಿಗೆ ಹಾಕಿಕೊಂಡು, ನನ್ನದರ ಪಕ್ಕದಲ್ಲಿ ಅವರದನ್ನೂ ಧರಿಸಿ, ನಾನೂ ಉಪವಾಸ ಇದ್ದು, ಎಚ್ಚರವಾದ ಮೇಲೆ ಮರಳಿ ಕಟ್ಟಿದ್ದೇನೆ. ಮೂರು ಸಲವೂ ಕ್ರಮ ತಪ್ಪಿಲ್ಲ.

ರೋಗಿಯ ಅಭಿಪ್ರಾಯವನ್ನು ದಾಖಲಿಸಿಕೊಳ್ಳಲಾಗಿದೆ. ದಣಿವಿನಲ್ಲಿ ಆಡಿದ ಮಾತಿಗೆ ಅತಿಯಾದ ಬೆಲೆ ಕೊಡತಕ್ಕದ್ದಲ್ಲ. ಚಿಕಿತ್ಸೆಯನ್ನು ತ್ವರಿತಗೊಳಿಸುವಂತೆ ಆಸ್ಪತ್ರೆಯ ಅಧಿಕಾರಿಗಳಿಗೆ ಕಾರಣಗಳ ಸಮೇತ ಮನವಿ ಸಿದ್ಧಪಡಿಸುತ್ತಿದ್ದೇನೆ. ಪರೀಕ್ಷೆಗಳಿಗಾದರೂ ಬಾ ಎಂದು ಮಹಾದೇವಿ ಕೈಹಿಡಿದು ಕೇಳಿದ ಮೇಲೆ ಅವರು ಒಪ್ಪಿದರು.

೯ ಜುಲೈ, ಮಂಗಳವಾರ

ಬೆಳಿಗ್ಗೆ ದಾಖಲು. ಮನವಿಯನ್ನು ಮೂರು ಪ್ರತಿಗಳಲ್ಲಿ, ಲಕೋಟೆ ಅಂಟಿಸಿ, ಆಡಳಿತ ಕಚೇರಿಗೆ ಸಲ್ಲಿಸಿ, ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಪಡೆದೆನು. ಕಿಟಕಿಯ ಹುಡುಗಿ ಇಂಥ ಕಾಗದವನ್ನು ಯಾವ ಟ್ರೇಗೆ ಹಾಕಬೇಕೆಂದು ತಿಳಿಯದೆ ಮೂವರನ್ನು ವಿಚಾರಿಸಿದಳು. ಆದ್ದರಿಂದ ತಡವಾಯಿತು. ವಾರ್ಡಿಗೆ ಮರಳುವಷ್ಟರಲ್ಲಿ ಹಾಲವ್ವನವರನ್ನು ಗಂಟಲಿನಿಂದ ನಳಿಗೆ ಇಳಿಸಿ ಹೃದಯ ನೋಡುವ ಪರೀಕ್ಷೆಗೆ ಒಯ್ದಿದ್ದರು. ಮಧ್ಯಾಹ್ನ ಮಂಪರಿನಲ್ಲಿ ಮರಳಿದರು.

ಮನವಿ ಅಚ್ಚುಕಟ್ಟಾಗಿ ಬಂದಿದೆ. ವಿಶೇಷವಾಗಿ ಐದನೆಯ ಕಂಡಿಕೆ.

೧೦ ಜುಲೈ, ಬುಧವಾರ

ಹಾಲವ್ವನವರು ನಿನ್ನೆಯಿಂದ ಊಟ ಮುಟ್ಟಿಲ್ಲ. ಗುಳಿಗೆಗಳನ್ನು ಮಾತ್ರ ಗುಟುಕು ನೀರಿನೊಡನೆ ನುಂಗಿದ್ದಾರೆ. ಬೆಳಗಿನ ಉಪ್ಪಿಟ್ಟು ವಾಪಸು, ಮಧ್ಯಾಹ್ನದ ಮೊಸರನ್ನ ವಾಪಸು. ಸಕ್ಕರೆಯ ಮಟ್ಟ ಇಳಿದಿದೆ ಎಂದು ನರ್ಸು ಸಲೈನಿಗೆ ಏನೋ ಸೇರಿಸಿದಳು. ಉಳಿದ ಪರೀಕ್ಷೆಗಳನ್ನು ಮುಂದೂಡಿದರು.

ಇದು ಚಿಕಿತ್ಸೆ ತಪ್ಪಿಸಲು ಹೂಡಿದ ಹಟವೆಂಬುದರಲ್ಲಿ ಸಂದೇಹವಿಲ್ಲ. ನಾನು ಹಾಗೆಯೇ ಹೇಳಿದೆ. ಪಕ್ಕದ ಹಾಸಿಗೆಯವರು ಕೇಳುವಷ್ಟು ದನಿಯಲ್ಲಿ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ, ಅಂಗಿಯ ಕೊರಳಪಟ್ಟಿಯನ್ನೇ ನೋಡುತ್ತಿದ್ದರು.

"ಯಾಕ ಉಣವಲ್ಲೆ ಅಂತ ನಿಮಗ ಗೊತ್ತಿಲ್ಲೇನು?"

ಗೊತ್ತಿದೆ ಎಂದೆ. ಕಣ್ಣು ಮುಚ್ಚಿಕೊಂಡರು.

೧೧ ಜುಲೈ, ಗುರುವಾರ

ಮಹಾದೇವಿ ಮನೆಯಿಂದ ಜೋಳದ ಅಂಬಲಿ ತಂದಿದ್ದಳು. ಚಮಚ ಬಾಯಿಯ ಹತ್ತಿರ ಹಿಡಿದಳು. ಹಾಲವ್ವ ಮುಖ ಸರಿಸಿ, ನನ್ನನ್ನು ಕರೆದಳು.

"ಸಿಟ್ಟ ಸಾಕ ಮಾಡ್ರಿ. ನೀವು ಹೇಳ್ದಂಗ ಮಾಡಿಸ್ಕೊಳ್ತೀನಿ. ಮೊದಲ ಕಟ್ರಿ, ಆಮ್ಯಾಲ ಉಣ್ತೀನಿ."

"ಏನು ಕಟ್ಟಲಿ?"

ಅವಳ ಕೈ ಎದ್ದು ಬಂದು ನನ್ನ ಕೊರಳಪಟ್ಟಿಯೊಳಗೆ ತಡಕಾಡಿತು. ಒಂದೇ ದಾರ ಇತ್ತು. ನನ್ನದು. ಮತ್ತೊಮ್ಮೆ ತಡಕಿದಳು. ಕೈ ಅಲ್ಲೇ ನಿಂತಿತು.

ಮಂಗಳವಾರ ಒಳಗೆ ಒಯ್ಯುವಾಗ ನರ್ಸು ಇವಳ ಕೊರಳ ಲಿಂಗವನ್ನು ತೆಗೆಯಬೇಕೆಂದಳು. ಹಾಲವ್ವ, ನಮ್ಮ ಯಜಮಾನರ ಕೈಯಲ್ಲಿ ಕೊಡಿ ಎಂದು ಕನ್ನಡದಲ್ಲಿ ಹೇಳಿದ್ದಾಳೆ. ಕನ್ನಡ ಬಾರದ ಕೇರಳದ ಹುಡುಗಿ ತಲೆಯಾಡಿಸಿದ್ದಾಳೆ. ಯಜಮಾನರು ಅಲ್ಲಿ ಇರಲಿಲ್ಲ. ಅದು ನನ್ನ ಕೊರಳಲ್ಲಿದೆಯೆಂದು ಇವಳು ತಿಳಿದಳು. ಇವಳ ಎದೆಯ ಮೇಲಿದೆಯೆಂದು ನಾನು ತಿಳಿದೆ. ನಾನು ಬೇಕೆಂದೇ ಕಟ್ಟುತ್ತಿಲ್ಲ, ಚಿಕಿತ್ಸೆಗೆ ಒಪ್ಪುವ ತನಕ ಕಟ್ಟುವುದಿಲ್ಲ ಎಂದು ಇವಳು ಎಣಿಸಿದ್ದಳು. ಸುಮಾರು ಎರಡು ದಿನ ಹಾಗೆ ಎಣಿಸಿ ಮಲಗಿದ್ದಳು. ಅಂಥವಳ ಎದುರಿಗೇ ನಾನು ಉಪವಾಸವಿರದೆ ಕ್ಯಾಂಟೀನಿನ ಇಡ್ಲಿ ತಿಂದು ಬಂದಿದ್ದೆ.

ಹಾಸಿಗೆಯ ಪಕ್ಕದ ಕಪಾಟಿನಲ್ಲಿ, ಬಳೆಗಳ ಜೊತೆ, ಹಾಸಿಗೆಯ ನಂಬರು ಬರೆದ ಪ್ಲಾಸ್ಟಿಕ್ ಚೀಲದಲ್ಲಿ ಅದು ಇತ್ತು. ದಾರವನ್ನು ಕತ್ತರಿಯಿಂದ ಕತ್ತರಿಸಿದ್ದರು. ನರ್ಸು ಅಳುವಂತಾದಳು. "ಮಗೂಗ ಬೈಬ್ಯಾಡ್ರಿ, ಆಕೀಗೆ ಏನ ಗೊತ್ತು" ಎಂದಳು ಹಾಲವ್ವ.

ಈ ಲೋಪದ ಬಗ್ಗೆ ದೂರು ಸಲ್ಲಿಸಬಹುದಿತ್ತು. ಕಾಗದ ಹೊರಗೆ ತೆಗೆಯಲಿಲ್ಲ.

ಹೊಸ ದಾರ ತರುತ್ತೇನೆಂದು ಮಹಾದೇವಿ ಎದ್ದಳು. ಅಷ್ಟು ಹೊತ್ತು ಯಾಕೆಂದು ನಾನು ಕತ್ತರಿಸಿದ ತುದಿಗಳನ್ನೇ ಸೇರಿಸಿ ಕಟ್ಟಿದೆ. ನನಗೆ ಬರುವುದು ಒಂದೇ ಬಗೆಯ ಗಂಟು. ಹಾಲವ್ವ ಅದನ್ನು ಮುಟ್ಟಿ ನೋಡಿದಳು.

"ಕಡತಾ ಕಟ್ಟಿದಂಗ ಕಟ್ಟೀರಲ್ರಿ. ಇನ್ನ ಇದು ಬಿಚ್ಚಾಂಗಿಲ್ಲ."

ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಅಂಬಲಿ ಕುಡಿದಳು. ಬಟ್ಟಲು ನಾನು ಹಿಡಿದಿದ್ದೆ.

೧೩ ಜುಲೈ, ಶನಿವಾರ

ಡಾ. ನಿಶಾ ವರದಿಗಳನ್ನು ತಂದು ಕುರ್ಚಿ ಎಳೆದುಕೊಂಡು ಕೂತರು. ಕವಾಟ ಕೂರಿಸಲು ಜಾಗ ಇದೆ. ಆದರೆ ಹೃದಯದ ಬಲಭಾಗ ಬಹಳ ದಣಿದಿದೆ, ಮೂತ್ರಪಿಂಡಗಳು ತಡೆಯಲಾರವು. ಮೇಜಿನಿಂದ ಎದ್ದು ಬರುವ ಸಾಧ್ಯತೆ ಅರ್ಧ. ಎದ್ದರೂ ಬಹಳ ದಿನ ಆಸ್ಪತ್ರೆಯಲ್ಲೇ ಇರಬೇಕಾಗಬಹುದು. ಮಾಡದೆ ಇದ್ದರೆ ಕೆಲವು ತಿಂಗಳು. ಬೇರೆಯವರಾದರೆ ಬೇಡವೆನ್ನುತ್ತಿದ್ದೆ, ನೀವು ನನ್ನೆದುರು ಅಷ್ಟು ಸಲ ಕೇಳಿಕೊಂಡದ್ದರಿಂದ ಪ್ರಯತ್ನಕ್ಕೆ ಸಿದ್ಧ ಎಂದರು.

ಉತ್ತರ ನನ್ನ ನಾಲಗೆಯ ಮೇಲಿತ್ತು. ಐದನೆಯ ಕಂಡಿಕೆಯಲ್ಲಿ ಬರೆದದ್ದೇ ಇತ್ತು. ಆದರೆ ನಾನು ಹಾಲವ್ವನ ಕಡೆ ತಿರುಗಿ, "ನಿನಗ ಏನ ಬೇಕು?" ಎಂದು ಕೇಳಿದೆ.

ಅವಳು ಕೊರಳ ಗಂಟನ್ನು ಒಮ್ಮೆ ಮುಟ್ಟಿಕೊಂಡಳು.

"ಮನೀಗೆ ಹೋಗೂಣು."

ಮಹಾದೇವಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ತಿರುಗಿ ಬಂದು, ತಾಯಿಯ ಬಳೆಗಳನ್ನು ಒಂದೊಂದಾಗಿ ಕೈಗೆ ತೊಡಿಸಿದಳು. ಡಾಕ್ಟರು ಎದ್ದು ಹೋಗುವ ಮುಂಚೆ ಹಾಲವ್ವನ ಕೆನ್ನೆ ಮುಟ್ಟಿದರು. "ನೀವು ಹೇಳಿದ್ದು ತಪ್ಪಲ್ಲ ಅಜ್ಜಿ" ಎಂದರು.

ಮನವಿಯನ್ನು ಹಿಂಪಡೆಯಲು ಆಡಳಿತ ಕಚೇರಿಗೆ ಹೋದೆ. ಹುಡುಗಿ ಟ್ರೇ ಹುಡುಕಿ ಲಕೋಟೆಯನ್ನು ಹಾಗೆಯೇ ತಂದುಕೊಟ್ಟಳು. ಅಂಟು ಬಿಚ್ಚಿರಲಿಲ್ಲ.

೨೯ ಜುಲೈ, ಸೋಮವಾರ

ಹಾಲವ್ವ ಈಗ ಕಿಟಕಿಯ ಹತ್ತಿರದ ಹಾಸಿಗೆಯಲ್ಲಿ ದಿಂಬುಗಳಿಗೆ ಒರಗಿ ಕೂತಿರುತ್ತಾಳೆ. ಹಾರ್ಬರ್ ಲೈನಿನ ಗಾಡಿಗಳು ಕಾಣುತ್ತವೆ.

ಇಂದು ಅವಳು ೧೯೮೨ರ ಒಂದು ಸಂಗತಿ ಹೇಳಿದಳು. ಚಿಕಿತ್ಸೆಯ ಎರಡನೆಯ ದಿನ ಹಿರಿಯ ಶಸ್ತ್ರವೈದ್ಯರು ವಾರ್ಡಿನ ರೌಂಡಿಗೆ ಬಂದಿದ್ದಾಗ, ಯಾವ ಬೆರಳು ಹಾಕಿದಿರಿ ಎಂದು ಇವಳು ಕೇಳಿದಳಂತೆ. ಅವರಿಗೆ ಕನ್ನಡ ಬಾರದು, ಇವಳಿಗೆ ಮರಾಠಿ ಬಾರದು. ಕೈಸನ್ನೆಯಿಂದ ಕೇಳಿದಳು. ಅವರು ನಕ್ಕು ಬಲಗೈಯ ತೋರುಬೆರಳನ್ನು ಮುಂದೆ ಹಿಡಿದರು. ಇವಳು ಅದನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅವರೂ ಬಿಡಿಸಿಕೊಳ್ಳಲಿಲ್ಲ.

"ನಮ್ಮವ್ವ ಹಡದಾಕಿ. ಆಕೀ ಕೈಯೂ ಅಲ್ಲಿ ತನಕ ಹೋಗಿರಲಿಲ್ಲ. ಅವರು ಮುಟ್ಟಿದ್ರು."

ಆಗ ನಾನು ಎಲ್ಲಿದ್ದೆ ಎಂದು ಕೇಳಿದೆ. ಹೊರಗೆ ಬೆಂಚಿನ ಮೇಲೆ ಕೂತು ಆಸ್ಪತ್ರೆಗೆ ಕೃತಜ್ಞತಾ ಪತ್ರ ಬರೆಯುತ್ತಿದ್ದಿರಿ ಎಂದಳು. "ಭಾಳ ಛಲೋ ಬರದಿದ್ರಿ. ಓದಿ ತೋರ್ಸಿದ್ರಿ" ಎಂದು ನಕ್ಕಳು. ನಕ್ಕದ್ದರಿಂದ ಕೆಮ್ಮು ಬಂತು.

ಈ ಸಂಗತಿ ನನ್ನ ಬಳಿಯ ಯಾವ ಕಾಗದದಲ್ಲೂ ಇಲ್ಲ.

೧೯ ಆಗಸ್ಟ್, ಸೋಮವಾರ

ಮಾಟುಂಗಕ್ಕೆ ನಾನೊಬ್ಬನೇ ಹೋಗಿಬಂದೆ. ಹುಲ್ಲು ಹಾಕಿದೆ. ಆಕಳು ನನ್ನ ಕೈಯನ್ನೂ ನೆಕ್ಕಿತು. ಹುಲ್ಲು ಮಾರುವ ಹೆಂಗಸು, ಅಮ್ಮ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದಳು. ಹುಷಾರಿಲ್ಲ ಎಂದೆ. ಹೊರಡುವಾಗ ಆಕಳ ಹೆಸರು ಕೇಳಿಕೊಂಡೆ. ಚಂದ್ರಿ ಅಂತೆ.

ಮನೆಗೆ ಬಂದು ಹೇಳಿದೆ. ಹಾಲವ್ವ ಕಣ್ಣರಳಿಸಿದಳು. ಇಷ್ಟು ವರ್ಷ ಹೋಗಿಯೂ ತಾನು ಕೇಳಿರಲಿಲ್ಲವಂತೆ. "ಚಂದ್ರಿ" ಎಂದು ಎರಡು ಸಲ ಹೇಳಿಕೊಂಡಳು. ಕೈಯನ್ನು ಎದೆಯ ಮೇಲೆ, ಆ ಕವಾಟ ಇರುವ ಕಡೆ ಇಟ್ಟುಕೊಂಡಳು.

"ಇದಕ್ಕೂ ವಯಸ್ಸಾತ್ರಿ ಪಾಪ. ಇಷ್ಟ ದಿನಾ ದುಡೀತು. ಇನ್ನ ಕುಂದರಲಿ."

೪ ಸೆಪ್ಟೆಂಬರ್

ಕಾಲು ಊದಿವೆ. ಬೆಚ್ಚಗಿನ ನೀರಲ್ಲಿ ಒರೆಸಿದೆ. ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತೆ. ಹೇಳದೆ ಕುಡಿದಳು. ನನ್ನ ಲೋಟ ಬಾಯಿಗಿಟ್ಟಾಗಲೇ ತಿಳಿಯಿತು.

೮ ಸೆಪ್ಟೆಂಬರ್

ಕೆಳಗೆ ಗಣಪತಿ ಕಳಿಸುವವರ ಡೋಲು. ಕಿಟಕಿ ಮುಚ್ಚಲೇ ಎಂದೆ. ಬೇಡ, ಎದೆಯೊಳಗಿನ ಸದ್ದು ಕೇಳಿ ಕೇಳಿ ಬೇಸರವಾಗಿದೆ ಎಂದಳು. ನನ್ನ ತೋರುಬೆರಳನ್ನು ಹಿಡಿದುಕೊಂಡು ನಿದ್ದೆ ಹೋದಳು. ಏಳಲಿಲ್ಲ ನಾನು. ಕೈ ಜೋಮು ಹಿಡಿಯಿತು.

೧೧ ಸೆಪ್ಟೆಂಬರ್

ಹಾಲವ್ವ ಹೋದಳು. ಬೆಳಿಗ್ಗೆ, ಅನ್ನಕ್ಕೆ ಇಟ್ಟು ಬಂದಿದ್ದೆ. ಹೊರಗೆ ಗಾಡಿ ಹೋಗುತ್ತಿತ್ತು, ಅವಳ ಉಸಿರು ಕೇಳಿಸಲಿಲ್ಲ. ಗಾಡಿ ಹೋದ ಮೇಲೂ ಕೇಳಿಸಲಿಲ್ಲ.

೧೪ ಸೆಪ್ಟೆಂಬರ್ ೨೦೨೪, ಶನಿವಾರ

ಜೂನ್ ಹನ್ನೆರಡರಂದು ಆರಂಭಿಸಿದ ಹೇಳಿಕೆಯನ್ನು ಇಲ್ಲಿಗೆ ಮುಗಿಸಬೇಕಾಗಿದೆ.

ಆರನೆಯ ಬಾಬಿನ ಬೇಡಿಕೆಯನ್ನು ಹೊಡೆದುಹಾಕಿದ್ದೇನೆ. ಅದರ ಬದಲಿಗೆ ಏನು ಬರೆಯಬೇಕೆಂದು ಪೆನ್ನು ಹಿಡಿದು ಕೂತೆ. ಇಂಥ ಕಡೆ ಬಳಸಲು ನೂರು ಮಾದರಿ ವಾಕ್ಯಗಳು ನನಗೆ ಬಾಯಿಪಾಠ ಇವೆ. ಎಲ್ಲವೂ ಯಾರಾದರೊಬ್ಬರು ಕೇಳಿ ಮಂಜೂರು ಮಾಡತಕ್ಕ ವಾಕ್ಯಗಳು. ಜಾಗ ಖಾಲಿ ಬಿಟ್ಟಿದ್ದೇನೆ.

ಸಮಾಧಿಯಲ್ಲಿ ಕೂರಿಸುವ ಮುಂಚೆ ಲಿಂಗವನ್ನು ಅವಳ ಎಡ ಅಂಗೈಯಲ್ಲಿ ಇಡಬೇಕಿತ್ತು. ಅದಕ್ಕೆ ದಾರ ತೆಗೆಯಬೇಕು. ಜಂಗಮರು, ಗಂಟು ಗಟ್ಟಿ ಇದೆ, ಕತ್ತರಿ ಕೊಡಿ ಎಂದರು. ಮಹಾದೇವಿ ನನ್ನನ್ನು ನೋಡಿದಳು. ಬೇಡವೆಂದೆ. ಅವಳ ತಲೆಯನ್ನು ನನ್ನ ಭುಜಕ್ಕೆ ಒರಗಿಸಿಕೊಂಡು, ಕೂದಲು ಸಿಕ್ಕದ ಹಾಗೆ, ಕಿವಿಗೆ ತಾಗದ ಹಾಗೆ, ಮೆಲ್ಲಗೆ ಮೇಲಿಂದ ತೆಗೆದೆ. ಹಿಂದೆ ಮೂರು ಸಲ ತೆಗೆದಾಗಲೂ ಅವಳು ತಲೆ ಬಾಗಿಸಿ ಕೊಡುತ್ತಿದ್ದಳು.

ಲಿಂಗವನ್ನು ಅವಳ ಅಂಗೈಯಲ್ಲಿ ಇಟ್ಟ ನಂತರ ರೂಢಿಯಂತೆ ದಾರವನ್ನು ನನ್ನ ಕೊರಳಿಗೆ ಹಾಕಿಕೊಂಡೆ. ಕರಡಿಗೆ ಬರಿದಾಗಿತ್ತು. ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆನಂತೆ, ಮಹಾದೇವಿ ಹೇಳಿದಳು. ಆ ದಿನ ಉಣ್ಣಲಿಲ್ಲ. ಮರುದಿನವೂ. ನಿನ್ನೆ ಅವಳು ಅಂಬಲಿ ಮಾಡಿ ತಂದು, ಬಟ್ಟಲನ್ನು ನನ್ನ ಕೈಗೆ ಕೊಡದೆ ತಾನೇ ಹಿಡಿದು ಕೂತಳು.

"ಅಪ್ಪಾ, ಇನ್ನ ಮರಳಿ ಕಟ್ಟೂದು ಇಲ್ಲ. ಉಣ್ರಿ."

ಉಂಡೆನು.

ಸೋಮವಾರ ಮಾಟುಂಗಕ್ಕೆ ಹೋಗತಕ್ಕದ್ದು.

ಇಂತಿ,

ಗುರಲಿಂಗಪ್ಪ
ಹಾಲವ್ವನ ಗಂಡ

ಲಗತ್ತು: ಶಿವದಾರ, ಒಂದು. ಕತ್ತರಿಸಿ ಜೋಡಿಸಿದ್ದು. ಗಂಟು ಬಿಚ್ಚಿಲ್ಲ.